ಹನ್ನೊಂದು ಕಾಲೇಜುಗಳ ಬಸ್ಸಕ್ಕ

ಬೆಳಗಿನ ಜಾವ ಐದೂಕಾಲು. ನಮ್ಮ ಮನೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಬಸ್ಸಕ್ಕ ಕ್ಯಾನ್ವಾಸ್ ಶೂಗಳ ಲೇಸು ಕಟ್ಟಿಕೊಳ್ಳುತ್ತಿದ್ದಾರೆ. ಎಡಗಾಲಿನ ಹಿಮ್ಮಡಿಯ ಕೆಳಗೆ ಒಂದು ತುಂಡು ಸ್ಪಂಜು ಇಟ್ಟು, ಕಾಲು ತೂರಿಸಿ, ಎದ್ದು ಒಮ್ಮೆ ತುಳಿದು ನೋಡಿ, ಮತ್ತೆ ಕೂತು ಬಿಚ್ಚಿ ಸ್ಪಂಜು ಸರಿಸುತ್ತಾರೆ. ವಯಸ್ಸು ಐವತ್ತಮೂರು. ಮೊದಲ ಬಸ್ಸು ಆರಕ್ಕೆ. ಅದು ತಪ್ಪಿದರೆ ಇಡೀ ವಾರ ಕುಂಟುತ್ತದೆ ಎನ್ನುತ್ತಾರೆ.

ನನ್ನ ಗಂಡನನ್ನು ಮಣ್ಣು ಮಾಡಿ ಐದು ದಿನವಾಗಿದೆ. ನಿನ್ನೆ ಸಂಜೆ ನಾದಿನಿ ಬಂದು ಅತ್ತೆಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಬಾಡಿಗೆ ಕುರ್ಚಿಗಳನ್ನು ಅಂಗಡಿಯವರು ಎತ್ತಿಕೊಂಡು ಹೋದರು. ಇವತ್ತು ಸೋಮವಾರ. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದಾನೆ. ಒಂದು ಸಾಕು ಎಂದು ಅವನಿಗೆ ಹೇಳಬೇಕು.

ಈ ಐದು ದಿನ ಇಲ್ಲಿ ಪಾತ್ರೆ ತೊಳೆದು, ಬಂದವರನ್ನು ಕೂರಿಸಿ, ಫೋನೆತ್ತಿ ಒಂದೇ ಉತ್ತರವನ್ನು ನೂರು ಸಲ ಹೇಳಿದವರು ಬಸ್ಸಕ್ಕ. ಇವತ್ತು ಅವರು ಕೆಲಸಕ್ಕೆ ಮರಳಬೇಕು. ಕಾಲೇಜು ವಿದ್ಯಾರ್ಥಿಗಳ ನಡುವೆ ಸೇವೆ ಮಾಡುವ ಒಂದು ಸಣ್ಣ ಕ್ರೈಸ್ತ ಸಂಸ್ಥೆಯ ಕೆಲಸಗಾರ್ತಿ ಅವರು. ನನ್ನ ಗಂಡ ಅವರ ಜೊತೆಗಾರರಾಗಿದ್ದರು, ಮಕ್ಕಳ ಬಾಯಲ್ಲಿ ‘ಅಣ್ಣ’. ಹನ್ನೊಂದು ಕಾಲೇಜುಗಳಲ್ಲಿ ಆರು ಅಕ್ಕನವು, ಐದು ಇವರವು. ಇವತ್ತಿನಿಂದ ಹನ್ನೊಂದೂ ಅಕ್ಕನವೇ.

ಅಕ್ಕನ ಬಗ್ಗೆ ಬರೆ ಎಂದು ನನ್ನ ಗಂಡ ಎರಡು ವರ್ಷದಿಂದ ಹೇಳುತ್ತಿದ್ದರು. ನಾನು ಕೆಲಸ ಮಾಡುವ ಪತ್ರಿಕೆಯ ಪುರವಣಿ ಸಂಪಾದಕರೂ ಒಪ್ಪಿದ್ದರು. ಒಪ್ಪದವರು ಅಕ್ಕ ಒಬ್ಬರೇ. ನಾನೂ ಬರಲೇ ಎಂದು ಈ ಬೆಳಿಗ್ಗೆ ಕೇಳಿದಾಗ ಮಾತ್ರ ಬೇಡ ಎನ್ನಲಿಲ್ಲ. ನನ್ನ ಮುಖ ನೋಡಿ, ಒಳಗೆ ಹೋಗಿ, ನನ್ನ ಶೂ ಹುಡುಕಿ ತಂದು ಮುಂದಿಟ್ಟರು. “ಬಾ. ಆದ್ರೆ ಬಸ್ಸಲ್ಲಿ ನಾನು ಮಾತಾಡಲ್ಲ,” ಎಂದರು.

ಬಸ್ಸಿನಲ್ಲಿ ಅವರಿಗೆ ಬೇರೆ ಕೆಲಸವಿದೆ. ಕೂತ ಕೂಡಲೇ ಚೀಲದಿಂದ ಉದ್ದನೆಯ ಒಂದು ನೋಟ್‌ಬುಕ್ ಹೊರಬರುತ್ತದೆ. ಒಂದೊಂದು ಕಾಲೇಜಿಗೆ ಕೆಲವು ಪುಟ. ಒಂದೊಂದು ಹೆಸರಿನ ಮುಂದೆ ಒಂದೇ ಸಾಲು: ಕಳೆದ ಸಲ ಆ ಹುಡುಗ ಅಥವಾ ಹುಡುಗಿ ಹೇಳಿದ ವಿಷಯ. ‘ಕೆಮಿಸ್ಟ್ರಿ ಮೂರನೇ ಸಲ’. ‘ರೂಮ್‌ಮೇಟ್ ಜೊತೆ ಮಾತಿಲ್ಲ’. ‘ಅಪ್ಪನಿಗೆ ಕೆಲಸ ಹೋಗಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ’. ಅಕ್ಕ ಒಂದು ಹೆಸರು ಓದುತ್ತಾರೆ, ಕಿಟಕಿಯ ಕಡೆ ನೋಡುತ್ತಾರೆ, ತುಟಿ ಅಲುಗುತ್ತದೆ, ಮುಂದಿನ ಹೆಸರಿಗೆ ಬೆರಳು ಜಾರುತ್ತದೆ. ಕಣ್ಣು ಮುಚ್ಚುವುದಿಲ್ಲ. ಯಾಕೆಂದು ಇಳಿದ ಮೇಲೆ ಹೇಳಿದರು. “ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ್ರೆ ನಿದ್ದೆ ಹತ್ತುತ್ತೆ. ಮೂರು ಸಲ ಸೀದಾ ಡಿಪೋಗೆ ಹೋಗಿದ್ದೀನಿ. ಕಂಡಕ್ಟರು ಎಬ್ಬಿಸಿ, ಮನೆ ಇಲ್ವೇನಮ್ಮ ಅಂತ ಕೇಳ್ತಾನೆ.”

ವಾರಕ್ಕೆ ಆರು ನೂರು ಕಿಲೋಮೀಟರಿಗೂ ಮಿಗಿಲು ಪ್ರಯಾಣ. ಇಪ್ಪತ್ತೆಂಟು ವರ್ಷದಿಂದ ಹೀಗೇ. ‘ಬಸ್ಸಕ್ಕ’ ಎಂಬ ಹೆಸರು ಯಾವ ತಂಡದ ಮಕ್ಕಳು ಇಟ್ಟದ್ದೆಂದು ಅವರಿಗೂ ನೆನಪಿಲ್ಲ. ಆ ಮಕ್ಕಳ ಮಕ್ಕಳೇ ಈಗ ಕಾಲೇಜಿಗೆ ಬಂದಿದ್ದಾರೆ.

ಈ ವಾರ ಅವರ ಮುಖ ಸಪ್ಪಗಿರುವುದಕ್ಕೆ ಸಾವು ಒಂದೇ ಕಾರಣವಲ್ಲ.

ಈ ಕೆಲಸದವರು ಎರಡು ತಿಂಗಳಿಗೊಮ್ಮೆ ಒಂದು ಪ್ರಾರ್ಥನಾ ಪತ್ರ ಹೊರಡಿಸುತ್ತಾರೆ. ನಾಲ್ಕು ಪುಟ. ಯಾವ ಕಾಲೇಜಿನಲ್ಲಿ ಏನಾಯಿತು, ಯಾರಿಗಾಗಿ ಪ್ರಾರ್ಥಿಸಬೇಕು ಎಂಬ ಪಟ್ಟಿ. ಹಳೆಯ ವಿದ್ಯಾರ್ಥಿಗಳಿಗೆ, ಚರ್ಚಿನ ಸಭೆಗಳಿಗೆ, ಹಾಸ್ಟೆಲ್ಲುಗಳಿಗೆ ಒಟ್ಟು ಆರು ನೂರ ನಲವತ್ತು ಪ್ರತಿ. ಬರೆಯುವವರು ಅಕ್ಕ. ಈ ಸಲದ ಪತ್ರದಲ್ಲಿ ಆರನೆಯ ವಿಷಯ ನನ್ನ ಗಂಡ. ‘ಅವರು ಸಂಪೂರ್ಣವಾಗಿ ಗುಣವಾಗುವರೆಂದು ನಂಬಿದ್ದೇವೆ. ನೀವೂ ನಂಬಿಕೆಯಿಂದ ಕೇಳಿರಿ.’ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕ ಕಟ್ಟುಗಳನ್ನು ಅಂಚೆ ಕಚೇರಿಗೆ ಕೊಟ್ಟು, ಅಲ್ಲಿಂದ ಆಸ್ಪತ್ರೆಗೆ ಬಂದರು. ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ನನ್ನ ಗಂಡ ತೀರಿಕೊಂಡರು.

ಪತ್ರಗಳು ತಮ್ಮ ಪಾಡಿಗೆ ಹೋದವು. ಶನಿವಾರದ ಟಪಾಲಿನಲ್ಲಿ ನನಗೆ ಮೂರು ಕಾರ್ಡು ಬಂದವು. ಮೂರರಲ್ಲೂ ಬೇಗ ಗುಣವಾಗಿ ಬರಲಿ ಎಂದಿತ್ತು. ಅಕ್ಕ ಅವನ್ನು ಓದಿ ಮಗುಚಿ ಇಟ್ಟರು.

ಹತ್ತು ಕಾಲೇಜುಗಳಿಗೆ ಫೋನಿನಲ್ಲೇ ಸುದ್ದಿ ಮುಟ್ಟಿತ್ತು. ಉಳಿದದ್ದು ಒಂದು ನರ್ಸಿಂಗ್ ಕಾಲೇಜು. ಮೂರೂವರೆ ಗಂಟೆಯ ದಾರಿ. ಅಲ್ಲಿಯ ಹಾಸ್ಟೆಲ್ಲಿನಲ್ಲಿ ಫೋನುಗಳನ್ನು ವಾರ್ಡನ್ ಬೀರುವಿನಲ್ಲಿಟ್ಟು, ಭಾನುವಾರ ಮನೆಯವರ ಜೊತೆ ಮಾತಾಡಲು ಅರ್ಧ ಗಂಟೆ ಮಾತ್ರ ಕೊಡುತ್ತಾರೆ. ಹೊರಗಿನವರ ಭೇಟಿ ಗುರುವಾರ ಸಂಜೆ ಮಾತ್ರ. ಪತ್ರ ಅಲ್ಲಿಗೆ ಶುಕ್ರವಾರ ತಲುಪಿದೆ. ಹದಿನಾಲ್ಕು ಹುಡುಗಿಯರು ಅದನ್ನು ಓದಿ ಅವತ್ತೇ ಸರಪಳಿ ಪ್ರಾರ್ಥನೆ ಶುರು ಮಾಡಿದ್ದಾರೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ, ಅರ್ಧರ್ಧ ಗಂಟೆಗೊಬ್ಬರು. ಹದಿನೆಂಟು ಪಾಳಿ. ಒಬ್ಬಳು ಮುಗಿಸಿ ಇನ್ನೊಬ್ಬಳನ್ನು ಎಬ್ಬಿಸಿ ಮಲಗಬೇಕು.

ಇದೆಲ್ಲ ಅಕ್ಕನಿಗೆ ತಿಳಿದದ್ದು ಭಾನುವಾರ ಸಂಜೆ, ಹಾಸ್ಟೆಲ್ಲಿನ ವಾರ್ಡನ್ ಫೋನು ಮಾಡಿ ನಿಮ್ಮ ಮಕ್ಕಳು ನಿದ್ದೆಗೆಟ್ಟು ಡ್ಯೂಟಿಗೆ ಹೋಗುತ್ತಿದ್ದಾರೆ ಎಂದು ದೂರಿದಾಗ. ಅಕ್ಕ ವಿಷಯ ಹೇಳಿದರು. ವಾರ್ಡನ್, ಈಗಲೇ ಹುಡುಗಿಯರಿಗೆ ತಿಳಿಸುತ್ತೇನೆ ಎಂದರಂತೆ. ಅಕ್ಕ ಬೇಡ ಎಂದರು. ಆ ಮಾತನ್ನು ನಾನೂ ಕೇಳಿಸಿಕೊಂಡೆ. ಪಕ್ಕದಲ್ಲೇ ಕೂತಿದ್ದೆ.

“ನಂಬಿಕೆಯಿಂದ ಕೇಳಿ ಅಂತ ಬರೆದವಳು ನಾನು. ಸಿಗಲಿಲ್ಲ ಅಂತ ಹೇಳೋದೂ ನಾನೇ ಆಗ್ಬೇಕು. ಎದುರಿಗೆ ಕೂತು,” ಎಂದರು ಫೋನಿಟ್ಟು. ಆ ಕಾಲೇಜಿನಲ್ಲಿ ಹದಿನಾಲ್ಕು ಜನ ಕೂಡುವುದಕ್ಕೆ ಅವರಿಗೆ ಆರು ವರ್ಷ ಹಿಡಿದಿದೆ. ಮೊದಲ ಎರಡು ವರ್ಷ ಒಬ್ಬಳೇ ಬರುತ್ತಿದ್ದಳಂತೆ, ಅದೂ ಬಿಸ್ಕತ್ತಿಗಾಗಿ. ಈಗ ಗುರುವಾರ ಹೋಗಿ ಅಕ್ಕ ಹೇಳುವ ಮಾತಿಗೆ ಹದಿನಾಲ್ಕು ಜನರಲ್ಲಿ ಎಷ್ಟು ಜನ ಎದ್ದು ಹೋಗುತ್ತಾರೋ ಗೊತ್ತಿಲ್ಲ.

ಆದರೆ ಗುರುವಾರಕ್ಕೆ ಮುಂಚೆ ಸೋಮವಾರವಿದೆ.

ಸೋಮವಾರದ ಕಾಲೇಜು ಎಂಜಿನಿಯರಿಂಗಿನದು. ಗೇಟಿನ ಕಾವಲುಗಾರ ಒಂಬತ್ತು ವರ್ಷದಿಂದ ಅಕ್ಕನನ್ನು ನೋಡುತ್ತಿದ್ದಾನೆ; ಇವತ್ತಿಗೂ ಪುಸ್ತಕ ಮುಂದಿಟ್ಟು ಯಾವ ವಿಭಾಗದ ಯಾವ ಹುಡುಗನ ತಾಯಿ ಎಂದು ಕೇಳುತ್ತಾನೆ. ಅಕ್ಕನೂ ಬಿಡುವವರಲ್ಲ. ಮಗ ಎಷ್ಟು ವಿಷಯದಲ್ಲಿ ಫೇಲು ಎಂದು ಅವನು ಕೇಳಿದರೆ, ಹನ್ನೊಂದು ಕಾಲೇಜಲ್ಲೂ ಫೇಲು ಕಣಪ್ಪ ಎಂದು ಸಹಿ ಹಾಕಿ ಒಳಗೆ ನಡೆಯುತ್ತಾರೆ. ಇವತ್ತು ಅವನು ತಮಾಷೆ ಮಾಡಲಿಲ್ಲ. ಆ ಎತ್ತರದ ಸರ್ ಹೋದರಂತಲ್ಲ ಎಂದ. ಅವನ ಪುಸ್ತಕದ ಹಿಂದಿನ ಪುಟದಲ್ಲಿ ನನ್ನ ಗಂಡನ ಸಹಿ ಇರಬೇಕು. ನಾನು ತಿರುವಲಿಲ್ಲ.

ಬೆಳಿಗ್ಗೆಯ ಎರಡು ಗಂಟೆ ಕ್ಯಾಂಟೀನಿನ ಮೂಲೆಯ ಮೇಜು ಅಕ್ಕನ ಕಚೇರಿ. ತರಗತಿಗಳ ನಡುವಿನ ಹತ್ತು ನಿಮಿಷದಲ್ಲಿ ಒಬ್ಬೊಬ್ಬರೇ ಬಂದು ಕೂತು, ಹೇಳಿ, ಎದ್ದು ಹೋಗುತ್ತಾರೆ. ಎಲ್ಲವೂ ದೇವರ ವಿಷಯವಲ್ಲ. ಒಬ್ಬನಿಗೆ ಹುಡುಗಿ ಕೈಕೊಟ್ಟಿದ್ದಾಳೆ. ಒಬ್ಬಳಿಗೆ ಹಾಸ್ಟೆಲ್ ಬದಲಾಯಿಸಬೇಕು. ಕೊನೆಯ ವರ್ಷದ ಒಬ್ಬ ಹುಡುಗ, ಅಣ್ಣ ಬರೆದುಕೊಡಬೇಕಿದ್ದ ಶಿಫಾರಸು ಪತ್ರವನ್ನು ಈಗ ಯಾರು ಕೊಡುತ್ತಾರೆ ಎಂದು ಕೇಳಿದ. ಕೇಳಿದ ಮೇಲೆ ಕಿವಿ ಕೆಂಪಾಗಿ ತಲೆ ತಗ್ಗಿಸಿದ. ಅಕ್ಕ ಅವನ ನೋಟ್‌ಬುಕ್ಕಿನಿಂದಲೇ ಹಾಳೆ ಹರಿದು ಅಲ್ಲೇ ಕರಡು ಬರೆದರು.

“ಜನ ತಿಳ್ಕೊಂಡಿರೋದು ನಾವು ಬರೀ ಪ್ರಸಂಗ, ಉಪದೇಶ ಮಾಡ್ತೀವಿ ಅಂತ. ವರ್ಷಕ್ಕೆ ನಾಲ್ಕೈದು ಮಕ್ಕಳು, ಸಾಯ್ಬೇಕು ಅನ್ಸುತ್ತೆ ಅಂತ ಬರ್ತಾರೆ. ಆಗ ಬೈಬಲ್ ತೆಗೆಯಲ್ಲ ನಾನು. ಮೊದಲು ಊಟ ಮಾಡಿಸ್ತೀನಿ. ಆಮೇಲೆ ಮನೆಗೆ ಫೋನು. ಆಮೇಲೆ ಡಾಕ್ಟರು. ಆಮೇಲೆ ಏನಾದ್ರೂ ಉಳಿದಿದ್ರೆ ಪ್ರಾರ್ಥನೆ,” ಎಂದರು. ನೋಟ್‌ಬುಕ್ಕಿನಲ್ಲಿ ಅಂಥ ಹೆಸರುಗಳ ಮುಂದೆ ಸಾಲಿಲ್ಲ. ಒಂದು ಚುಕ್ಕೆ ಇದೆ. ಆ ಚುಕ್ಕೆಯ ಮಕ್ಕಳಿಗೆ ಅವರು ಎಲ್ಲಿದ್ದರೂ ದಿನಾ ಫೋನು ಮಾಡುತ್ತಾರೆ, ಬೈಸಿಕೊಂಡರೂ.

ಸಂಜೆ ನಾಲ್ಕಕ್ಕೆ ಎರಡನೆಯ ಮಹಡಿಯ ಒಂದು ತರಗತಿಯಲ್ಲಿ ಇಪ್ಪತ್ತೆರಡು ಜನ ಸೇರಿದರು. ಬೋರ್ಡಿನ ಮೇಲೆ ಯಾರೋ ಬಿಟ್ಟುಹೋದ ಲೆಕ್ಕವಿತ್ತು. ಐದು ನಿಮಿಷ ಎಲ್ಲರೂ ನನ್ನ ಗಂಡನಿಗಾಗಿ ಮೌನವಾಗಿ ನಿಂತರು. ಕೆಲವರು ಅತ್ತರು. ಮೊದಲ ವರ್ಷದವರು ಅವರನ್ನು ನೋಡಿರಲಿಲ್ಲ. ಯಾವಾಗ ಕೂರಬೇಕೆಂದು ತಿಳಿಯದೆ ಅಕ್ಕಪಕ್ಕ ನೋಡುತ್ತಿದ್ದರು. ಅಕ್ಕ ಓದಿದರು, ಹಾಡಿಸಿದರು, ಕಳಿಸಿದರು. ಎಲ್ಲರೂ ಹೋದ ಮೇಲೆ ಡಸ್ಟರ್ ಹುಡುಕಿ ಬೋರ್ಡು ಒರೆಸಿದರು. ಅದು ಅವರ ಅಭ್ಯಾಸ, ಕೋಣೆ ಕೊಟ್ಟವರು ಮುಂದಿನ ವಾರವೂ ಕೊಡಲಿ ಎಂದು.

“ಮೂರು ನಾಲ್ಕು ವರ್ಷಕ್ಕೊಂದು ಸಲ ನನ್ನ ಕೆಲಸಾನೂ ಹೀಗೇ ಒರೆಸಿ ಹೋಗುತ್ತೆ. ಎಲ್ಲರೂ ಪಾಸಾಗಿ ಹೋಗ್ತಾರೆ. ಮತ್ತೆ ಮೊದಲಿಂದ. ಮೊದಲೆಲ್ಲ ಅದು ಖುಷಿ ಕೊಡ್ತಿತ್ತು. ಈಗ ಹೊಸ ಹೆಸರು ನೆನಪಿಟ್ಕೊಳ್ಳೋಕೇ ಸುಸ್ತಾಗುತ್ತೆ.”

ಅಕ್ಕ ಓದಿದ್ದು ಗಣಿತ. ಒಂದು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಖಾಯಂ ಆಗುವ ಹೊತ್ತಿಗೆ ಬಿಟ್ಟು ಈ ಕೆಲಸಕ್ಕೆ ಬಂದರು. ಹಾಸ್ಟೆಲ್ಲಿನಲ್ಲಿದ್ದಾಗ ಪರೀಕ್ಷೆ ಕೆಟ್ಟು ಮೂರು ದಿನ ಬಾಗಿಲು ಹಾಕಿಕೊಂಡು ಮಲಗಿದ್ದರಂತೆ. ಇಂಥದೇ ಒಬ್ಬ ಕೆಲಸಗಾರ್ತಿ ಬಂದು ಬಾಗಿಲ ಹೊರಗೆ ಕೂತು ಒಂದು ಮಧ್ಯಾಹ್ನವಿಡೀ ಏನೂ ಮಾತಾಡದೆ ಸ್ವೆಟರ್ ಹೆಣೆದಳಂತೆ. ಕಡ್ಡಿಗಳ ಸದ್ದು ಕೇಳಿ ಕೇಳಿ ಬೇಸತ್ತು ಅಕ್ಕ ಬಾಗಿಲು ತೆರೆದರು. ಅಷ್ಟೇ ಅವರ ಕಥೆ. ಸಭೆಯಲ್ಲಿ ಎದ್ದು ಹೇಳಿಕೊಳ್ಳಲು ಇದಕ್ಕಿಂತ ದೊಡ್ಡ ಸಾಕ್ಷಿ ತಮ್ಮ ಹತ್ತಿರ ಇಲ್ಲ ಎನ್ನುತ್ತಾರೆ.

ಅವರಪ್ಪ ಮೂರು ವರ್ಷ ಮಾತು ಬಿಟ್ಟಿದ್ದರು. “ಮಾತು ಬಿಟ್ಟಿದ್ರೂ ಬಸ್ ಸ್ಟ್ಯಾಂಡಿಗೆ ಸೈಕಲ್ಲಲ್ಲಿ ಅವರೇ ಬಿಡ್ತಿದ್ರು. ಹಿಂದೆ ಕೂತು ನಾನೊಬ್ಬಳೇ ವಟವಟ ಅಂತಿದ್ದೆ. ಇಳಿದಾಗ ಚೀಲ ಕೈಗೆ ಕೊಟ್ಟು ತಿರುಗಿ ನೋಡದೆ ಹೋಗೋರು. ಚೀಲದಲ್ಲಿ ಎರಡು ಬಾಳೆಹಣ್ಣು ಇರ್ತಿತ್ತು.” ಮದುವೆಯ ಮಾತು ಎರಡು ಸಲ ಬಂದು ಮುರಿಯಿತು. ಹುಡುಗ ಒಪ್ಪಿದ, ಬಸ್ಸಿನ ವೇಳಾಪಟ್ಟಿ ಒಪ್ಪಲಿಲ್ಲ ಎಂದು ನಗುತ್ತಾರೆ. ಆ ನಗು ಬಳಸಿ ಬಳಸಿ ಸವೆದಿದೆ.

ಮಂಗಳವಾರ ಸಂಜೆ ಅಕ್ಕನ ಮನೆಗೆ ಹೋದೆವು. ಮನೆ ಎಂದರೆ ತಂಗಿಯ ಟೈಲರಿಂಗ್ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಮಂಚ, ಗೋಡೆಗೆ ಒರಗಿಸಿದ ಮೇಜು, ಮೇಜಿನ ಕೆಳಗೆ ಅರ್ಧ ಖಾಲಿಯಾದ ಲಕೋಟೆಗಳ ಪೆಟ್ಟಿಗೆ. ಕಿಟಕಿಯ ಸರಳಿಗೆ ಒಗೆದ ಕಾಲುಚೀಲಗಳು, ಏಳು ಜೊತೆ. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿಂತು ನಿಂತು ಬರುತ್ತದೆ. ತಂಗಿ ನಮ್ಮನ್ನು ಕಂಡು ಯಂತ್ರದಿಂದ ಏಳದೆಯೇ ಗಂಡನನ್ನು ಕೂಗಿದರು.

“ರೀ, ಅತಿಥಿಗಳು ಬಂದ್ರು. ಹೊಸ ಟವೆಲ್ ತೆಗೆದುಕೊಡಿ. ಎಷ್ಟು ದಿನ ಇರ್ತಾರೋ ಕೇಳಿ.”

ಅಕ್ಕ ತಿಂಗಳಿಗೆ ಎಂಟು ಹತ್ತು ದಿನ ಇಲ್ಲಿ ಮಲಗಿದರೆ ಹೆಚ್ಚು. ಪ್ರಾರ್ಥನಾ ಪತ್ರದ ಆರು ನೂರ ನಲವತ್ತು ಪ್ರತಿಗಳನ್ನು ಮಡಿಸಿ, ಅಂಟಿಸಿ, ವಿಳಾಸ ಬರೆಯುವವರು ತಂಗಿಯೇ. ಈ ಸಲ ಮಡಿಸುವಾಗ ಆರನೆಯ ವಿಷಯ ಓದಿ ಅತ್ತಿದ್ದರಂತೆ. ಈಗ ಅವರದು ಒಂದೇ ಮಾತು: ನಾಲ್ಕು ಸಾಲಿನ ತಿದ್ದುಪಡಿ ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸಿಬಿಡು, ತಪ್ಪು ಯಾರಿಂದಲೂ ಆಗುತ್ತದೆ. ಸಂಸ್ಥೆಯ ಕಚೇರಿಯವರೂ ಅದನ್ನೇ ಹೇಳಿದ್ದಾರೆ. ಅಕ್ಕ ಅದಕ್ಕೆ ಒಪ್ಪಿದರು. ಕರಡೂ ಬರೆದರು. ಆದರೆ ಆ ಹದಿನಾಲ್ಕು ಹುಡುಗಿಯರಿಗೆ ಅದು ಸಾಲದು ಎಂದರು. ಅವರ ಪಾಳಿಗಳ ಲೆಕ್ಕ ಹಾಕುತ್ತಿದ್ದಾರೆಂದು ನನಗೆ ತಿಳಿಯಿತು. ಗಡಿಯಾರ ಒಂಬತ್ತು ಹೊಡೆದಾಗ ತಲೆ ಎತ್ತಿ ನೋಡಿದರು. ಒಂಬತ್ತೂವರೆಗೆ ಮತ್ತೆ ನೋಡಿದರು.

ಗುರುವಾರ ಮಧ್ಯಾಹ್ನ ನರ್ಸಿಂಗ್ ಕಾಲೇಜು ಮುಟ್ಟಿದಾಗ ಇಬ್ಬರ ಬಟ್ಟೆಯೂ ದೂಳಾಗಿತ್ತು. ಭೇಟಿಯ ಕೋಣೆಯಲ್ಲಿ ಮಡಚುವ ಕುರ್ಚಿಗಳನ್ನು ಹುಡುಗಿಯರು ಆಗಲೇ ದುಂಡಗೆ ಹಾಕಿದ್ದರು. ಹದಿನಾಲ್ಕೂ ಜನ ಬಂದಿದ್ದರು. ಕೆಲವರು ಬಿಳಿ ಸಮವಸ್ತ್ರದಲ್ಲೇ, ಎದೆಗೆ ಸಿಕ್ಕಿಸಿದ ಗಡಿಯಾರದೊಂದಿಗೆ. ಕಣ್ಣ ಕೆಳಗೆ ಎಲ್ಲರಿಗೂ ಒಂದೇ ತರಹದ ಕಪ್ಪು. ಅಕ್ಕ ನನ್ನನ್ನು ಪತ್ರಿಕೆಯವರು ಎಂದಷ್ಟೇ ಪರಿಚಯಿಸಿದರು. ಮೂಲೆಯ ಕುರ್ಚಿಯಲ್ಲಿ ಕೂತೆ.

ಮೂರನೆಯ ವರ್ಷದ ಒಬ್ಬ ಹುಡುಗಿ ಎದ್ದು ಪಾಳಿಯ ಪಟ್ಟಿಯನ್ನು ಅಕ್ಕನ ಕೈಗೆ ಕೊಟ್ಟಳು. ಎಲ್ಲರೂ ಅವಳನ್ನು ಲೀಡರ್ ಎನ್ನುತ್ತಿದ್ದರು. ಗೀಟು ಹೊಡೆದು ಮಾಡಿದ ಪಟ್ಟಿ, ಆರು ರಾತ್ರಿ, ನೂರ ಎಂಟು ಮನೆ. ಒಂದೊಂದರಲ್ಲೂ ಒಂದು ಸಹಿ, ಒಂದೂ ಖಾಲಿ ಇಲ್ಲ. ಅಕ್ಕ ಅದನ್ನು ನೋಡುತ್ತಾ ನಿಂತಿರುವಾಗ, ಎಲ್ಲರಿಗಿಂತ ಚಿಕ್ಕವಳು, ಮೊದಲು ಪ್ರಾರ್ಥನೆ ಮಾಡಿಬಿಡೋಣವಾ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಎಲ್ಲರೂ ತಲೆ ಬಾಗಿಸಿದರು. ಚಿಕ್ಕವಳೇ ಶುರು ಮಾಡಿದಳು.

“ಕರ್ತನೇ, ಅಣ್ಣನ ಬೆನ್ನುನೋವು ತೆಗೆದುಬಿಡು. ರಿಪೋರ್ಟು ಏನೇ ಹೇಳ್ಲಿ, ನಿನ್ನ ಕೈಲಿ ಆಗುತ್ತೆ. ಅವರ ಹೆಂಡತಿಗೆ ಧೈರ್ಯ ಕೊಡು. ಆಸ್ಪತ್ರೇಲಿ ಕೂತು ಕೂತು ಅವರಿಗೆ ನಿದ್ದೇನೇ ಇರಲ್ಲ. ಒಂದು ಒಳ್ಳೇ ನಿದ್ದೆ ಕೊಡು.”

ಅಕ್ಕ ತಡೆಯಲಿಲ್ಲ. ನಾನು ನೆಲ ನೋಡುತ್ತಿದ್ದೆ. ಕಪ್ಪು ಬಿಳಿ ಚೌಕಗಳ ನೆಲ. ಆಮೆನ್ ಆದ ಮೇಲೆ ಅಕ್ಕ ಕೂತುಕೊಂಡರು.

“ಅಣ್ಣ ತೀರಿಕೊಂಡ್ರು ಮಕ್ಕಳೇ. ಮೊನ್ನೆ ಮಂಗಳವಾರ ಅಲ್ಲ, ಅದರ ಹಿಂದಿನ ಮಂಗಳವಾರ. ಪತ್ರ ನಿಮ್ಮ ಕೈ ಸೇರೋ ಮುಂಚೇನೇ. ನೀವು ಏಳ್ತಾ ಇದ್ದೀರಿ ಅಂತ ಭಾನುವಾರ ನನಗೆ ಗೊತ್ತಾಯ್ತು. ವಾರ್ಡನ್ ಮೇಡಂ ಹೇಳ್ತೀನಿ ಅಂದ್ರು. ನಾನೇ ಬಂದು ಹೇಳ್ಬೇಕು ಅಂತ ಬೇಡ ಅಂದೆ.”

ಲೀಡರ್ ಎದ್ದು ನಿಂತಳು. ದನಿ ಏರಿಸಲಿಲ್ಲ.

“ಭಾನುವಾರದಿಂದ ನಾಲ್ಕು ರಾತ್ರಿ ಅಕ್ಕ. ಇವಳು ನಿನ್ನೆ ವಾರ್ಡಲ್ಲಿ ತೂಕಡಿಸಿ ಸಿಸ್ಟರ್ ಹತ್ರ ಬೈಸ್ಕೊಂಡ್ಳು. ನಾನು ದಿನಾ ಮೂರಕ್ಕೆದ್ದು ಇವರನ್ನೆಲ್ಲ ಬೇಡ್ಕೊಂಡು ಬೇಡ್ಕೊಂಡು ಎಬ್ಬಿಸಿದೆ. ಅಣ್ಣ ಇಲ್ಲ ಅಂತ ಗೊತ್ತಿದ್ದೂ ನೀವು ನಮ್ಮನ್ನ ಏಳೋಕೆ ಬಿಟ್ರಿ. ನಿಮ್ಮ ಬಾಯಿಂದಾನೇ ಬರ್ಬೇಕು ಅಂತ.”

“ಹೌದು,” ಎಂದರು ಅಕ್ಕ. “ಅದು ನನ್ನ ತಪ್ಪು.”

ನಾನು ಕಾದೆ. ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವರು. ಇಂಥ ಹೊತ್ತಿಗೆ ಆಗುವ ಬೈಬಲ್ ವಚನಗಳು ಅವರಿಗೆ ಬಾಯಿಪಾಠ. ಒಂದೂ ಹೇಳಲಿಲ್ಲ. ದೇವರ ಚಿತ್ತ ಎನ್ನಲಿಲ್ಲ. ಪ್ರಾರ್ಥನೆ ವ್ಯರ್ಥವಾಗಲಿಲ್ಲ ಎಂದೂ ಹೇಳಲಿಲ್ಲ. ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಲೀಡರ್ ಅದನ್ನು ಮೆಲ್ಲಗೆ ಎತ್ತಿಕೊಂಡು ಹೊರಗೆ ಹೋದಳು. ಅವಳ ಹಿಂದೆ ನಾಲ್ವರು ಹೋದರು.

ಉಳಿದವರಲ್ಲಿ ಚಿಕ್ಕವಳು ಕೇಳಿದಳು. “ಇವತ್ತು ನಂದು ನಾಲ್ಕೂವರೆ ಪಾಳಿ ಅಕ್ಕ. ಏಳ್ಬೇಕಾ ಬೇಡ್ವಾ?”

“ಬೇಡ ಮಗು. ಮಲ್ಕೋ. ಎಲ್ಲರೂ ಮಲ್ಕೊಳ್ಳಿ.”

ಆಮೇಲೆ ಅವಳ ಕಣ್ಣು ನನ್ನ ಮೇಲೆ ಬಿತ್ತು. ನಾನು ಯಾರೆಂದು ಯಾರೂ ಹೇಳಿರಲಿಲ್ಲ. ಅವಳಿಗೆ ಹೇಗೋ ಹೊಳೆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ತಡೆದು ಹತ್ತಿರ ಬಂದು, ನಿದ್ದೆ ಬರುತ್ತಾ ಎಂದು ಕೇಳಿದಳು. ಸ್ವಲ್ಪ ಸ್ವಲ್ಪ ಎಂದೆ.

ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನೋಟ್‌ಬುಕ್ ತೆರೆದರು. ಲೀಡರಿನ ಹೆಸರಿನ ಮುಂದೆ ಹಳೆಯ ಸಾಲನ್ನು ಹೊಡೆದುಹಾಕಿ ‘ನಾಲ್ಕು ರಾತ್ರಿ’ ಎಂದು ಬರೆದರು. ಬಸ್ಸಿನ ಕುಲುಕಿಗೆ ಅಕ್ಷರ ಸೊಟ್ಟಗಾಯಿತು. ಬೇರೆ ಯಾವ ಹೆಸರನ್ನೂ ಓದಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಸೀಟಿಗೆ ಒರಗಿ, ಊರು ಬರುವವರೆಗೂ ಎಚ್ಚರವಾಗಿಯೇ ಕೂತಿದ್ದರು. ಇಳಿದ ಮೇಲೆ, ಈ ಕೆಲಸ ಬಿಡಬೇಕೆನ್ನಿಸಿದೆಯಾ ಎಂದು ಕೇಳಿದೆ. ಪುರವಣಿಗೆಂದು ಬರೆದುಕೊಂಡಿದ್ದ ಪ್ರಶ್ನೆಗಳಲ್ಲಿ ಅದೂ ಒಂದು. “ದಿನಾ ಅನ್ಸುತ್ತೆ. ಬೆಳಿಗ್ಗೆ ಶೂ ಹಾಕ್ಕೊಳ್ಳುವಾಗ. ಹಾಕ್ಕೊಂಡಾದ ಮೇಲೆ ಮರೆತು ಹೋಗುತ್ತೆ,” ಎಂದರು.

ಆ ಕಾಲೇಜಿನ ಸರದಿ ಎರಡು ವಾರಕ್ಕೊಮ್ಮೆ. ಮುಂದಿನ ಸರದಿಗೆ ಎರಡು ದಿನ ಮುಂಚೆ ಅಲ್ಲಿಯ ವಾರ್ಡನ್ ನನಗೆ ಫೋನು ಮಾಡಿದರು. ತುಂಬಾ ಸಂಕೋಚದಿಂದ ಮಾತಾಡಿದರು. ಹಾಸ್ಟೆಲ್ಲಿನ ರೋಗಿಗಳ ಕೋಣೆಯ ಸಾಮಾನುಗಳ ತಪಾಸಣೆ ಬರುತ್ತಿದೆ. ಒಂದು ಹಾಟ್ ವಾಟರ್ ಬ್ಯಾಗ್ ಇಲ್ಲ. ರಿಜಿಸ್ಟರಿನಲ್ಲಿ ನನ್ನ ಗಂಡನ ಸಹಿ ಇದೆ. ಸಿಕ್ಕರೆ ಸರಿ, ಸಿಗದಿದ್ದರೆ ಹೇಗೋ ಸರಿಮಾಡುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು.

ಅದು ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಐದು ತಿಂಗಳ ಹಿಂದೆ ಅಕ್ಕನ ಜೊತೆ ಅಲ್ಲಿಗೆ ಹೋಗಿದ್ದಾಗ ನನ್ನ ಗಂಡನಿಗೆ ಬೆನ್ನುನೋವು ಮೊದಲ ಸಲ ಜೋರಾಗಿ ಬಂದಿತ್ತು. ಬಸ್ಸಿನಲ್ಲಿ ಬೆನ್ನಿಗೆ ಇಟ್ಟುಕೊಳ್ಳಲು ಎರವಲು ತಂದಿದ್ದರು, ಮುಂದಿನ ಸರದಿಯಲ್ಲಿ ಕೊಡುತ್ತೇನೆಂದು. ಮುಂದಿನ ಸರದಿ ಬರಲಿಲ್ಲ. ಕೆಂಪು ರಬ್ಬರಿನದು. ಹಾಸಿಗೆಯ ಅವರ ಕಡೆಯಲ್ಲಿ, ರಗ್ಗಿನ ಕೆಳಗೆ, ಕೊನೆಯ ಸಲ ನಾನು ಇಟ್ಟಲ್ಲೇ ಇತ್ತು. ಒಳಗೆ ಇನ್ನೂ ನೀರಿತ್ತು. ಚೆಲ್ಲಿ ಒಣಗಿಸಿದೆ.

ಗುರುವಾರ ಅಕ್ಕನ ಜೊತೆ ಮತ್ತೆ ಹೊರಟೆ. ದಾರಿಯಲ್ಲಿ, ಬಸ್ಸಿನಲ್ಲಿ ಮಾತಾಡದವರು ತಾವಾಗಿಯೇ ಮಾತಾಡಿದರು. ಕಳೆದ ಸಲ ಉಳಿದ ಒಂಬತ್ತು ಜನ ಬರಬಹುದು, ಬಂದರೆ ಅದೇ ಹೆಚ್ಚು ಎಂದರು. ಲೀಡರಿಗೆ ಎರಡು ಕಾಗದ ಬರೆದಿದ್ದರಂತೆ. ಉತ್ತರವಿಲ್ಲ.

“ಕ್ಷಮಿಸ್ಲಿ ಅಂತ ನಾನು ಕೇಳ್ತಿಲ್ಲ. ಅದು ಅವಳಿಗೆ ಬಿಟ್ಟಿದ್ದು. ಕೂತು ಬೈಯೋಕಾದ್ರೂ ಒಂದು ಸಲ ಬರ್ಲಿ. ಬೈಗುಳ ಹೊಟ್ಟೇಲಿ ಇಟ್ಕೊಂಡು ಪಾಸಾಗಿ ಹೋಗಿಬಿಟ್ರೆ ಮುಂದೆ ಯಾರ ಜೊತೆ ಕೂತೂ ಅವಳು ಪ್ರಾರ್ಥನೆಗೆ ಕಣ್ಣು ಮುಚ್ಚಲ್ಲ. ಅಷ್ಟೇ ನನ್ನಾಸೆ.”

ಮೂರೂಮುಕ್ಕಾಲಿಗೆ ಅಕ್ಕ ಭೇಟಿಯ ಕೋಣೆಯಲ್ಲಿ ಒಬ್ಬರೇ ಕುರ್ಚಿಗಳನ್ನು ಬಿಡಿಸಿ ಹಾಕತೊಡಗಿದರು. ಒಂಬತ್ತಲ್ಲ, ಹದಿನಾಲ್ಕು. ನಾನು ಓಣಿಯ ಕೊನೆಗೆ ನಡೆದೆ.

ರೋಗಿಗಳ ಕೋಣೆಯಲ್ಲಿ ಎರಡು ಮಂಚ, ಒಂದು ಗಾಜಿನ ಬೀರು, ಒಂದು ತೊಟ್ಟಿ. ವಿದ್ಯಾರ್ಥಿನಿಯರು ಸರದಿಯ ಮೇಲೆ ಅಲ್ಲಿಯ ಡ್ಯೂಟಿ ಮಾಡುತ್ತಾರೆ. ಮೇಜಿನ ಹಿಂದೆ ಕೂತಿದ್ದವಳು ಲೀಡರ್. ನನ್ನನ್ನು ನೋಡಿ ಎದ್ದಳು. ಚೀಲದಿಂದ ತೆಗೆದು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ತೊಟ್ಟಿಯ ಹತ್ತಿರ ಹೋಗಿ ನಲ್ಲಿಯಿಂದ ಅರ್ಧ ತುಂಬಿಸಿದಳು. ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿ, ಬಿರಡೆ ತಿರುಗಿಸಿ, ತಲೆಕೆಳಗು ಮಾಡಿ ಒಂದು ನಿಮಿಷ ಎದೆಗಡಿಯಾರ ನೋಡುತ್ತ ಹಿಡಿದಳು. ಸೋರಲಿಲ್ಲ. ನೀರು ಚೆಲ್ಲಿ, ಒರೆಸಿ, ಬೀರುವಿನ ಕೊಕ್ಕೆಗೆ ನೇತುಹಾಕಿದಳು. ಆಮೇಲೆ ರಿಜಿಸ್ಟರ್ ತೆರೆದಳು.

ಅವಳು ಬರೆಯುತ್ತ ತಲೆ ಎತ್ತದೆ ಕೇಳಿದಳು. “ಇದರಿಂದ ಅವರಿಗೆ ಏನಾದ್ರೂ ಉಪಯೋಗ ಆಯ್ತಾ?”

“ಆಯ್ತು,” ಎಂದೆ. “ದಿನಾ ರಾತ್ರಿ ತುಂಬಿ ಕೊಡ್ತಿದ್ದೆ. ಎರಡು ಗಂಟೆ ನಿದ್ದೆ ಮಾಡ್ತಿದ್ರು.”

ಎರಡು ಗಂಟೆ ಎಂಬುದನ್ನು ಅವಳು ದಾದಿಯ ಹಾಗೆ ಕೇಳಿಸಿಕೊಂಡಳು, ಒಮ್ಮೆ ತಲೆಯಾಡಿಸಿ. ಓಣಿಯ ಆ ಕೊನೆಯಿಂದ ಕುರ್ಚಿಗಳ ಸದ್ದು ಬರುತ್ತಿತ್ತು. ಅವಳು ಅತ್ತ ಕಿವಿಗೊಟ್ಟಳು.

“ನನ್ನ ಡ್ಯೂಟಿ ಐದಕ್ಕೆ ಮುಗಿಯುತ್ತೆ. ಅಲ್ಲೀವರೆಗೂ ಇರ್ತಾರಾ ಅಕ್ಕ? ಅವರ ಹತ್ರ ಮಾತಾಡೋದಿದೆ. ಒಳ್ಳೇ ಮಾತೇನಲ್ಲ.”

ನಮ್ಮ ಬಸ್ಸು ನಾಲ್ಕೂ ಐವತ್ತಕ್ಕಿತ್ತು. ಅದರ ಮುಂದಿನದು ಆರೂ ನಲವತ್ತಕ್ಕೆ. ಇರುತ್ತಾರೆ ಎಂದೆ.

ಅವಳು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ‘ತೆಗೆದುಕೊಂಡವರು’ ಎಂಬಲ್ಲಿ ಅವರ ಸಹಿ ಇತ್ತು, ಯಾವಾಗಲೂ ಮಾಡುವಂತೆ ಕೊನೆಯ ಅಕ್ಷರ ಉದ್ದಕ್ಕೆಳೆದು. ಅದರ ಪಕ್ಕ ‘ವಾಪಸು ಕೊಟ್ಟವರು’ ಎಂಬ ಖಾಲಿ ಜಾಗದಲ್ಲಿ ನಾನು ಸಹಿ ಮಾಡಿದೆ.